ಐದು ಜನರ ನೀರು

ಅಪ್ಪ ನೀರಿನ ಡ್ರಮ್ಮಿಗೆ ಬೀಗ ಹಾಕಿದ್ದನ್ನು ಮೊದಲು ನೋಡಿದ್ದು ಅಜ್ಜಿ.

“ಏನೋ ಇದು? ಒಳಗೆ ಬಂಗಾರ ಇಟ್ಟಿದ್ದೀಯಾ?”

“ಬಂಗಾರ ಆಗಿದ್ರೆ ಬೀಗ ಹಾಕ್ತಿರಲಿಲ್ಲಮ್ಮ. ಬಂಗಾರವನ್ನ ಯಾರೂ ಕದ್ದು ಮುಖ ತೊಳೆಯಲ್ಲ,” ಅಂದ ಅಪ್ಪ, ಬೀಗದ ಕೈಯನ್ನು ಅಂಗಿಯ ಒಳಜೇಬಿಗೆ ಹಾಕಿಕೊಂಡು ಮೇಲಿಂದ ಒಂದು ಪಿನ್ನು ಚುಚ್ಚಿದ.

ಕದ್ದು ಮುಖ ತೊಳೆದವನು ಮಗ. ಅವನು ಮೂಲೆಯಲ್ಲಿ ಕೂತು ಗೋಡೆ ನೋಡುತ್ತಿದ್ದ, ಆ ಮಾತು ಪಕ್ಕದ ಮನೆಯವರದ್ದು ಅನ್ನುವ ಹಾಗೆ.

ಎರಡು ಮಳೆಗಾಲ ಕೈಕೊಟ್ಟಿದ್ದವು. ಊರಿಗೆ ನೀರು ಕೊಡುವ ಗುಡ್ಡದಾಚೆಯ ಕೆರೆಯಲ್ಲಿ ಈಗ ದನ ಮೇಯುತ್ತಿದ್ದವು. ಮಹಡಿ ಹತ್ತಿದರೆ ಕಣ್ಣು ಹಾಯುವಷ್ಟು ದೂರ ಸಮುದ್ರ. ಆದರೆ ಅದರಲ್ಲಿ ಒಂದು ಲೋಟ ಕುಡಿಯುವ ಹಾಗಿಲ್ಲ. ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಅನ್ನುತ್ತಾರೆ. ಈ ಊರಲ್ಲಿ ಉಪ್ಪೊಂದನ್ನು ಬಿಟ್ಟು ಮಿಕ್ಕ ಎಲ್ಲಕ್ಕೂ ಬಡತನ ಬಂದಿತ್ತು.

ನಗರಸಭೆಯವರು ನಿಯಮ ಮಾಡಿದರು. ಮನೆಯಲ್ಲಿ ಎಷ್ಟು ಜನವೋ ಅಷ್ಟು ಪಾಲು. ಒಬ್ಬರಿಗೆ ದಿನಕ್ಕೆ ಮೂರು ಬಕೆಟ್. ಅಂಗಡಿ, ಕಾರ್ಖಾನೆಗಳ ನಲ್ಲಿ ಪೂರ್ತಿ ಬಂದ್. ಪಾಲು ಮೀರಿದ ಮನೆಯ ಪೈಪಿನೊಳಗೆ ಹಿತ್ತಾಳೆಯ ಬಿಲ್ಲೆಯೊಂದನ್ನು ಕೂರಿಸಿ ಹೋಗುತ್ತಿದ್ದರು. ಬಿಲ್ಲೆಯ ನಡುವಿನ ತೂತಿನಿಂದ ದಾರದಷ್ಟು ನೀರು ಬರುತ್ತಿತ್ತು. ಒಂದು ಬಕೆಟ್ ತುಂಬುವಷ್ಟರಲ್ಲಿ ಅಕ್ಕಿ ಆರಿಸಿ, ತೊಳೆದು, ಬೇಯಿಸಿ, ಉಂಡು ಮುಗಿಸಬಹುದಿತ್ತು. ಆ ಕೆಲಸಕ್ಕೆ ಬರುತ್ತಿದ್ದ ಅಧಿಕಾರಿಣಿಗೆ ಬೀದಿಯವರು ಬಿಲ್ಲೆ ಮೇಡಂ ಅಂತ ಹೆಸರಿಟ್ಟಿದ್ದರು. ಅವಳ ಸ್ಕೂಟರ್ ಬೀದಿಯ ತುದಿಯಲ್ಲಿ ಕಂಡರೆ ಸಾಕು, ಹೆಂಗಸರು ಬಕೆಟ್‌ಗಳನ್ನು ಮಂಚದ ಕೆಳಗೆ ತಳ್ಳುತ್ತಿದ್ದರು.

ಈ ಮನೆಗೆ ನಿಯಮ ತಟ್ಟಿದಷ್ಟು ಬೇರೆ ಯಾರಿಗೂ ತಟ್ಟಿರಲಿಲ್ಲ, ಯಾಕೆಂದರೆ ಇಲ್ಲಿ ಎಲ್ಲರೂ ನೀರಿನಿಂದಲೇ ಅನ್ನ ತಿನ್ನುತ್ತಿದ್ದವರು. ಅಪ್ಪ ಬಂದರಿನ ಐಸ್ ಫ್ಯಾಕ್ಟರಿಯಲ್ಲಿ ಮೇಸ್ತ್ರಿ. ಅರ್ಧ ಆಯುಸ್ಸು ನೀರನ್ನು ಗಡ್ಡೆ ಮಾಡುವುದರಲ್ಲೇ ಕಳೆದಿದ್ದ. ಫ್ಯಾಕ್ಟರಿ ಮುಚ್ಚಿತು. ಮಗ ಗಾಡಿ ತೊಳೆಯುವ ಕಡೆ ಕೆಲಸಕ್ಕಿದ್ದ. ಅದೂ ಮುಚ್ಚಿತು. ಉಳಿದದ್ದು ಎರಡು: ಬಂದರಿನ ಲಾಡ್ಜಿನಿಂದ ಅಮ್ಮ ಒಗೆಯಲು ತರುತ್ತಿದ್ದ ಹಾಸಿಗೆ ಬಟ್ಟೆ, ಮತ್ತು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಮಗಳ ಸಂಬಳ.

ಐದು ಜನ, ಹದಿನೈದು ಬಕೆಟ್. ಅದರಲ್ಲಿ ಅರ್ಧ ಲಾಡ್ಜಿನ ಬಟ್ಟೆಗೆ ಹೋಗುತ್ತಿತ್ತು. ಉಳಿದರ್ಧದಲ್ಲಿ ಐದು ಜನ ಬದುಕಬೇಕು. ಕೆಲಸವಿಲ್ಲದೆ ಕೂತ ಅಪ್ಪ ತಾನೇ ಒಂದು ಕೆಲಸ ಹುಡುಕಿಕೊಂಡ: ಮನೆಯ ನೀರು ಕಾಯುವುದು.

ಸ್ನಾನದ ಮನೆಯ ಹೊರಗೆ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದ. ಒಳಗೆ ಚೊಂಬಿನ ಸದ್ದಾದರೆ ಹೊರಗಿನಿಂದ ಎಣಿಕೆ ಶುರು.

“ಮೂರಾಯ್ತು.”

“ಅಪ್ಪ, ಸೋಪು ಇನ್ನೂ ಮೈಮೇಲೇ ಇದೆ,” ಅನ್ನುತ್ತಿದ್ದಳು ಮಗಳು.

“ಟವೆಲಲ್ಲಿ ಒರೆಸ್ಕೋ. ಸೋಪು ಮೈಗೆ ಒಳ್ಳೇದೇ.”

ಮೂವತ್ತೊಂದು ವರ್ಷದ ಹೆಂಗಸು, ಅಂಗಡಿಯಲ್ಲಿ ಗಿರಾಕಿಗಳು ಬನ್ನಿ ಹೋಗಿ ಅಂತ ಮರ್ಯಾದೆ ಕೊಟ್ಟು ಮಾತಾಡಿಸುವವಳು, ಮೈಯ ಸೋಪು ಒರೆಸಿಕೊಂಡು ಹೊರಗೆ ಬರುತ್ತಿದ್ದಳು. ಬಂದರೆ ನಿಲ್ಲಲು ಜಾಗವಿಲ್ಲ. ಮಹಡಿಯಲ್ಲಿ ಒಣಹಾಕಿದರೆ ಬಂದರಿನ ಕಲ್ಲಿದ್ದಲ ಧೂಳು ಕೂತು ಮತ್ತೆ ಒಗೆಯಬೇಕಾಗುತ್ತದೆ ಅಂತ ಬಟ್ಟೆಗಳನ್ನೆಲ್ಲ ಒಳಗೇ, ನಡುಮನೆಯಿಂದ ಅಡುಗೆಮನೆಯವರೆಗೆ ಹಗ್ಗ ಕಟ್ಟಿ ಹರಡುತ್ತಿದ್ದರು. ಧೂಳು ಬರಬಾರದೆಂದು ಕಿಟಕಿಗಳೂ ಬಂದ್. ಒದ್ದೆ ಬಟ್ಟೆಗಳ ನಡುವೆ ಒಬ್ಬರ ಮುಖ ಒಬ್ಬರಿಗೆ ಕಾಣದೆ, ಬರೀ ಮಾತು ಕೇಳಿಸುತ್ತಿತ್ತು. ಮಗಳ ಹಾಸಿಗೆ ಅಲ್ಲೇ, ಡ್ರಮ್ಮಿನ ಪಕ್ಕದ ಓಣಿಯಂಥ ಜಾಗದಲ್ಲಿ, ಅಜ್ಜಿಯ ಕಾಲಬುಡದಲ್ಲಿ. ಹುಟ್ಟಿದಾಗಿನಿಂದ ಅವಳಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳುವ ಬಾಗಿಲು ಅಂತ ಇದ್ದದ್ದು ಸ್ನಾನದ ಮನೆಯದೊಂದೇ. ಈಗ ಅದರ ಹೊರಗೂ ಅಪ್ಪನ ಸ್ಟೂಲ್ ಬಂತು.

ಊಟ ಒಂದೇ ದೊಡ್ಡ ತಟ್ಟೆಯಲ್ಲಿ. ಐದು ತಟ್ಟೆ ತೊಳೆಯುವವರು ಯಾರು? ನಡುವೆ ಅನ್ನ, ಅಂಚಿಗೆ ಬೇಯಿಸಿದ ಆಲೂಗಡ್ಡೆ, ಸುತ್ತ ಐದು ಜನ. ಜಿಡ್ಡಿನ ಅಡುಗೆ ನಿಂತೇಹೋಗಿತ್ತು.

ಅಂಥ ಒಂದು ಊಟದ ಹೊತ್ತಿಗೆ ಮಗಳು ಸುದ್ದಿ ಹೇಳಿದಳು. “ನಮ್ಮ ಯಜಮಾನರು ಊರಿನ ಆ ಕಡೆ ಇನ್ನೊಂದು ಅಂಗಡಿ ತೆಗೀತಿದ್ದಾರೆ. ಅದನ್ನ ನೀನೇ ನೋಡ್ಕೋಬೇಕು ಅಂದ್ರು. ಮೇಲೆ ರೂಮಿದೆ. ಅಲ್ಲೇ ಇರ್ಬೇಕಂತೆ.”

“ನಿನ್ನನ್ನೇ ಕೇಳಿದ್ರಾ? ಅಷ್ಟು ಜನ ಹಳಬರಿದ್ದಾರಲ್ಲ,” ಅಂದ ಮಗ.

“ಅಂಚು ಒಡೆಯದ ಹಾಗೆ ಗಾಜು ಉಜ್ಜೋದು ನಾನೊಬ್ಳೇ.” ಹೇಳುವಾಗ ಅವಳ ಮುಖ ಕೆಂಪಾಯಿತು. ತನ್ನನ್ನು ತಾನೇ ಹೊಗಳಿಕೊಂಡು ಅಭ್ಯಾಸವಿರಲಿಲ್ಲ. ಸಂತೋಷ ತಡೆಯಲಾಗದೆ ಹೇಳಿಬಿಟ್ಟಿದ್ದಳು.

“ಭಲೇ!” ಅಂದಳು ಅಜ್ಜಿ. “ನನ್ನ ಮೊಮ್ಮಗಳು ಸಾಹುಕಾರ್ತಿ ಆದ್ಲು.”

ಅಪ್ಪ ಅನ್ನದ ತುತ್ತನ್ನು ಕೈಯಲ್ಲೇ ಹಿಡಿದಿದ್ದ. “ಮುಂದಿನ ತಿಂಗಳು ಮನೆಮನೆ ಎಣಿಕೆ ಇದೆ. ಗೊತ್ತಾ?”

“ಗೊತ್ತು.”

“ಯಾವ ಮನೇಲಿ ಎಣಿಸ್ತಾರೋ, ಮಳೆ ಬರೋವರೆಗೂ ಆ ಮನೇಲೇ ಪಾಲು. ನೀನು ಹೋದ್ರೆ ಮೂರು ಬಕೆಟ್ ಹೋಯ್ತು.”

“ನಾನು ಹೋಗ್ತೀನಿ ಅಂತ ಒಂದು ಮಾತು. ನಿಮಗೆ ಬಕೆಟ್ ಕಾಣ್ಸುತ್ತೆ.”

“ಕಾಣ್ಸದೆ ಏನು ಮಾಡ್ಲಿ? ನಿಮ್ಮಮ್ಮ ಬಟ್ಟೆ ಒಗೆಯೋದು ಬೇಡ್ವಾ? ಮಳೆ ಬರಲಿ, ಆಮೇಲೆ ಎಲ್ಲಿಗೆ ಬೇಕಾದ್ರೂ ಹೋಗು. ನಾನೇ ಪೆಟ್ಟಿಗೆ ಹೊತ್ಕೊಂಡು ಬರ್ತೀನಿ.”

“ಹೋದ ವರ್ಷದವರೆಗೂ ಇವಳು ಯಾವಾಗ ಮನೆ ಖಾಲಿ ಮಾಡ್ತಾಳೋ ಅಂತಿದ್ರಿ. ಈಗ ನಾನು ಬೇಕಾದೆ.”

ಅದು ನಿಜವೇ. ಹೆಣ್ಣು ಮನೆಯಲ್ಲೇ ಕೂತು ಬೆಳ್ಳಿ ಕೂದಲು ಬರುತ್ತಿದೆ ಅಂತ ಅಪ್ಪ ಕಂಡಕಂಡವರ ಹತ್ತಿರ ಗೋಳಾಡಿದ್ದವನು. ಅವನು ಅಮ್ಮನ ಕಡೆ ತಿರುಗಿದ. “ನೀನಾದ್ರೂ ಹೇಳೇ.”

ಅಮ್ಮ ಮಾತು ಕಡಿಮೆ. ಕೈಯ ಬೆರಳುಗಳೆಲ್ಲ ಸೋಪಿನಿಂದ ಬಿರುಕು ಬಿಟ್ಟು, ಅನ್ನ ಕಲಸುವಾಗ ಉಪ್ಪು ತಾಗಿ ಉರಿಯುತ್ತಿತ್ತು. “ನಾನೇನು ಹೇಳ್ಲಿ? ಬಟ್ಟೆ ಒಗೆಯೋಳಿಗೆ ನೀರು ಬೇಕು. ಅಷ್ಟೇ,” ಅಂದು ಎದ್ದು ಹೋದಳು. ಆ ಮಾತು ಮಗಳಿಗೆ ಅಪ್ಪನ ಕೂಗಾಟಕ್ಕಿಂತ ಹೆಚ್ಚು ನೋವು ಕೊಟ್ಟಿತು.

ಮಾರನೇ ವಾರ ಅಪ್ಪನ ತಲೆಗೊಂದು ಉಪಾಯ ಬಂತು. ಫ್ಯಾಕ್ಟರಿಯಲ್ಲಿ ಮೀನು ತುಂಬುವ ಪೆಟ್ಟಿಗೆಗಳನ್ನು ಸಮುದ್ರದ ನೀರಲ್ಲೇ ತೊಳೆಯುತ್ತಿದ್ದರು. ಪೆಟ್ಟಿಗೆಗೆ ಆಗುವುದು ಬಟ್ಟೆಗೆ ಯಾಕಾಗಬಾರದು? ಮಗನನ್ನು ಎಬ್ಬಿಸಿಕೊಂಡು, ಕೈಗಾಡಿಯಲ್ಲಿ ಕ್ಯಾನುಗಳನ್ನು ಹೇರಿಕೊಂಡು, ಸಮುದ್ರದ ನೀರು ತಂದ.

“ಸೋಪು ನೊರೆ ಬರಲ್ಲ ರೀ,” ಅಂದಳು ಅಮ್ಮ.

“ಒಗೆಯೋದು ಸಿಹಿನೀರಲ್ಲಿ ಒಗಿ. ಜಾಲಿಸೋದು ಮಾತ್ರ ಇದ್ರಲ್ಲಿ. ಎರಡು ಸಲ ಜಾಲಿಸು, ಏನೂ ಗೊತ್ತಾಗಲ್ಲ. ಐಸ್ ಮಾಡಿದವನಿಗೆ ನೀರಿನ ವಿಷಯ ಹೇಳ್ಬೇಡ.”

ಬಟ್ಟೆ ಒಣಗಿದವು. ನೋಡಲು ಬೆಳ್ಳಗೆ, ಮುಟ್ಟಿದರೆ ಹಪ್ಪಳ. ಅಮ್ಮ ಎರಡೆರಡು ಸಲ ಇಸ್ತ್ರಿ ಹಾಕಿ ಕೊಟ್ಟು ಕಳಿಸಿದಳು. ಎರಡೇ ದಿನದಲ್ಲಿ ಲಾಡ್ಜಿನ ಮ್ಯಾನೇಜರ್ ಗಂಟು ಸಮೇತ ಬಾಗಿಲಿಗೆ ಬಂದ.

“ಏನಮ್ಮಾ ಇದು? ಒಬ್ಬ ಗಿರಾಕಿ ರಾತ್ರಿಯೆಲ್ಲ ಮೈ ಕೆರ್ಕೊಂಡು, ಬೆಳಿಗ್ಗೆ ತಿಗಣೆ ಇದೆ ಅಂತ ಕೂಗಾಡಿ ಹೋದ. ಇನ್ನೊಬ್ಬ ಹಾಸಿಗೆ ಉಪ್ಪಾಗಿದೆ ಅಂದ. ಅವನು ನೆಕ್ಕಿ ನೋಡಿದ್ಯಾಕೋ ನನಗೆ ಗೊತ್ತಿಲ್ಲ.”

ಬಟ್ಟೆಗಳ ಹಿಂದಿನಿಂದ ಅಜ್ಜಿ ನಕ್ಕಿದ್ದು ಎಲ್ಲರಿಗೂ ಕೇಳಿಸಿತು. ಮ್ಯಾನೇಜರ್ ನಗಲಿಲ್ಲ. ಎಲ್ಲವನ್ನೂ ಸಿಹಿನೀರಲ್ಲಿ ಮತ್ತೆ ಒಗೆದು ಕೊಡಬೇಕು, ಇನ್ನೊಂದು ಸಲ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಅಂದು ಹೋದ.

ಉಪ್ಪು ಬಿಡಿಸುವುದು ಅಂದರೆ ಸಾಮಾನ್ಯವಲ್ಲ. ಆ ವಾರ ಇಡೀ ಮನೆ ಸ್ನಾನ ಬಿಟ್ಟಿತು. ಅಕ್ಕಿ ತೊಳೆದ ನೀರಲ್ಲಿ ಪಾತ್ರೆ, ಪಾತ್ರೆ ತೊಳೆದ ನೀರಲ್ಲಿ ನೆಲ, ನೆಲ ಒರೆಸಿದ ನೀರು ಪಾಯಿಖಾನೆಗೆ. ಮಗಳು ಅಂಗಡಿಯಲ್ಲಿ ಯಾರ ಪಕ್ಕವೂ ನಿಲ್ಲದೆ ದೂರ ದೂರ ಓಡಾಡಿದಳು. ಮೂರನೇ ದಿನ ಅಪ್ಪ ತಪ್ಪನ್ನೆಲ್ಲ ಮಗಳ ತಲೆಗೆ ಕಟ್ಟಿದ.

“ನೀನು ಹೋಗ್ತೀನಿ ಅಂದಿದ್ದಕ್ಕೇ ನಾನು ಸಮುದ್ರಕ್ಕೆ ಹೋಗಿದ್ದು.”

“ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಲಂತೆ,” ಅಂದಳು ಅಜ್ಜಿ.

“ಅಮ್ಮಾ, ನೀನು ಸುಮ್ನಿರು. ನೋಡು ಮಗಳೇ, ಐದು ಪಾಲಲ್ಲೇ ಈ ಗತಿ. ನಾಲ್ಕಾದ್ರೆ ಲಾಡ್ಜು ಕೈ ತಪ್ಪುತ್ತೆ. ಆಮೇಲೆ ನಿನ್ನ ಒಬ್ಬಳ ಸಂಬಳ. ಅದನ್ನೂ ರೂಮಿಗೇ ಸುರೀತೀಯಾ?”

“ಸಂಬಳ ನಿಮಗೇ ಕೊಡ್ತೀನಿ. ಪೂರ್ತಿ ಕೊಡ್ತೀನಿ.”

“ಸಂಬಳದಲ್ಲಿ ಬಟ್ಟೆ ಜಾಲಿಸೋಕಾಗುತ್ತಾ?”

“ಹಾಗಾದ್ರೆ ನಾನು ಈ ಮನೆಗೆ ಮಗಳಲ್ಲ, ನಲ್ಲಿ!”

ಅವಳು ಕೂಗಿದ್ದೇ ಕೂಗಿದ್ದು. ಆ ಕೂಗಿಗೆ ಪಕ್ಕದ ಮನೆಯ ರೇಡಿಯೋ ಕೂಡ ಸಣ್ಣಗಾಯಿತು. ಅಮ್ಮ ಬಟ್ಟೆ ಹಿಂಡುತ್ತಿದ್ದವಳು ಒಂದು ಗಳಿಗೆ ನಿಂತು, ಮತ್ತೆ ಹಿಂಡತೊಡಗಿದಳು.

ಹಟ ಬಂದು, ಮಗಳು ಮಾರನೇ ದಿನವೇ ಯಜಮಾನರ ಜೊತೆ ಹೊಸ ಅಂಗಡಿ ನೋಡಲು ಹೋದಳು. ಬಸ್ಸಿನಲ್ಲಿ ಕೂತು ರೂಮಿಗೆ ಏನೇನು ಬೇಕು ಅಂತ ಯೋಚಿಸಿದಳು. ಒಂದು ಹಾಸಿಗೆ, ಒಂದು ಕನ್ನಡಿ. ಕಿಟಕಿ ತೆಗೆದಿಡಬೇಕು. ಒಂದು ಲೋಟ, ಒಂದು ತಟ್ಟೆ: ತನ್ನದೇ ತಟ್ಟೆ.

ಅಂಗಡಿ ಚೆನ್ನಾಗಿತ್ತು. ಸುಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಮೂಲೆಯಲ್ಲಿ ಗಾಜು ಉಜ್ಜುವ ಮಿಷನ್ ಕೂರಿಸಿದ್ದರು. ಆ ಮಿಷನ್ನಿಗೆ ನೀರು ಹನಿಯುತ್ತಲೇ ಇರಬೇಕು, ಇಲ್ಲದಿದ್ದರೆ ಗಾಜು ಕಾದು ಸಿಡಿಯುತ್ತದೆ. ನಲ್ಲಿಗಳು ಬಂದ್ ಆದಮೇಲೆ ಹಳೇ ಅಂಗಡಿಯಲ್ಲಿ ಟ್ಯಾಂಕರ್ ನೀರು ಕೊಂಡು ಹೇಗೋ ತಳ್ಳುತ್ತಿದ್ದರು. ಇಲ್ಲಿ ಮಿಷನ್ನಿನ ಮೇಲಿನ ಚಾವಣಿಗೆ ತೂತು ಕೊರೆದು, ಮೇಲಿನಿಂದ ಒಂದು ಪೈಪು ಇಳಿಸಿದ್ದರು. ಪೈಪಿನ ಸುತ್ತ ಸಿಮೆಂಟು ಹಸಿಯಾಗಿತ್ತು.

“ಈ ಪೈಪು ಎಲ್ಲಿಂದ ಬರುತ್ತೆ ಸಾರ್?”

“ನಿನ್ನ ರೂಮಿಂದಲೇ ಕಣಮ್ಮ.” ಯಜಮಾನರು ಕೆಟ್ಟವರಲ್ಲ, ಮುಚ್ಚುಮರೆಯೂ ಇಲ್ಲ. “ಅಂಗಡಿಗೆ ನೀರಿಲ್ಲ. ಆದ್ರೆ ಮೇಲಿರೋದು ಮನೆ ನಲ್ಲಿ. ಅಲ್ಲಿ ಒಬ್ರು ವಾಸ ಇದ್ರೆ ಮೂರು ಬಕೆಟ್ ಬಿಡ್ತಾರೆ. ನಿನಗೆ ಒಬ್ಬಳಿಗೆ ಎಷ್ಟು ಬೇಕು? ಅರ್ಧ ಬಕೆಟ್ ಮೇಲಿಟ್ಕೋ. ಉಳಿದದ್ದು ಮಿಷನ್ನಿಗೆ.”

ಅವಳಿಗೆ ಅರ್ಥವಾಗಿತ್ತು. ಆದರೂ ಕೇಳಿದಳು. “ಹಳಬರು ಇದ್ರಲ್ಲ ಸಾರ್. ನನ್ನನ್ನೇ ಯಾಕೆ ಆರಿಸಿದ್ರಿ?”

“ಅವರಿಗೆಲ್ಲ ಸಂಸಾರ ಇದೆ. ಅವರ ಪಾಲನ್ನ ಹೆಂಡ್ತಿ ಮಕ್ಕಳು ಬಿಟ್ಟುಕೊಡ್ತಾರಾ? ನೀನಾದ್ರೆ ಒಂಟಿ. ಕೇಳೋರಿಲ್ಲ.” ಆಮೇಲೆ ಏನೋ ನೆನಪಾದವರಂತೆ, “ಕೆಲಸಾನೂ ಚೆನ್ನಾಗೇ ಮಾಡ್ತೀಯ ಬಿಡು,” ಅಂದರು.

ರೂಮು ನೋಡಿದಳು. ಬಾಗಿಲಿತ್ತು, ಚಿಲಕವಿತ್ತು, ಸಮುದ್ರದ ಕಡೆಗೊಂದು ಕಿಟಕಿಯೂ ಇತ್ತು. ನಲ್ಲಿಯ ಬಾಯಿಗೆ ಪೈಪು ಸಿಕ್ಕಿಸಿ, ಬಿಚ್ಚಲಾಗದಂತೆ ಕಬ್ಬಿಣದ ಪಟ್ಟಿ ಹಾಕಿ ಬಿಗಿದಿದ್ದರು. ನೀರು ಬೇಕಾದರೆ ಕೆಳಗೆ ಹೋಗಿ ಮಿಷನ್ನಿನ ಹತ್ತಿರ ಹಿಡಿದುಕೊಳ್ಳಬೇಕು. ಅವಳಿಗೆ ಅಳು ಬರಲಿಲ್ಲ, ಅವಮಾನವಾಯಿತು. ತನ್ನ ಕೈಚಳಕ ಮೆಚ್ಚಿ ಕರೆದರು ಅಂತ ಮನೆಯವರ ಮುಂದೆ ಹೇಳಿಕೊಂಡಿದ್ದು ನೆನೆದು ಮೈ ಹಿಡಿಯಾಯಿತು.

ಬಸ್ಸಿನಲ್ಲಿ ವಾಪಸು ಬರುವಾಗ ತೀರ್ಮಾನ ಮಾಡಿದಳು. ಎಲ್ಲಿ ಹೋದರೂ ತನ್ನ ಮೂರು ಬಕೆಟ್ಟಿಗಾಗಿಯೇ ತನ್ನನ್ನು ಕರೆಯುವುದಾದರೆ, ಅಮ್ಮನ ಬಟ್ಟೆಗಾದರೂ ಹೋಗಲಿ.

“ನಾನು ಹೋಗಲ್ಲ,” ಅಂದಳು ಊಟಕ್ಕೆ ಕೂತಾಗ.

ಅಪ್ಪನ ಮುಖ ಅರಳಿತು. “ನನಗೆ ಗೊತ್ತಿತ್ತು! ಎಷ್ಟಾದ್ರೂ ನನ್ನ ಮಗಳು. ಲೋ, ಅಕ್ಕನಿಗೆ ಆಲೂಗಡ್ಡೆ ಆ ಕಡೆ ತಳ್ಳೋ.”

“ಯಾಕಕ್ಕ? ರೂಮು ಚೆನ್ನಾಗಿಲ್ವಾ?” ಅಂದ ಮಗ.

“ಚೆನ್ನಾಗಿದೆ.”

“ಮತ್ತೆ?”

“ನನಗೆ ಇಷ್ಟ ಇಲ್ಲ. ಬಿಡು.”

ಪೈಪಿನ ವಿಷಯ ಹೇಳಲು ನಾಲಗೆ ಏಳಲಿಲ್ಲ. ಹೇಳಿದರೆ ಅಪ್ಪ ನಗುತ್ತಾನೆ, ಅಜ್ಜಿ ಗಾದೆ ಹೇಳುತ್ತಾಳೆ. ತಲೆ ತಗ್ಗಿಸಿ ಉಂಡಳು. ಅಮ್ಮ ಮಾತ್ರ ತಟ್ಟೆಗೆ ಕೈ ಹಾಕದೆ ಅವಳನ್ನೇ ನೋಡುತ್ತಿದ್ದಳು. ನಿನಗಾಗಿ ಉಳಿದೆ ಅಂತ ಮಗಳು ಹೇಳಿರಲಿಲ್ಲ, ಆದರೆ ತಾಯಿಗೆ ಹಾಗೇ ಕೇಳಿಸಿತು. ಅವತ್ತಿನಿಂದ ಅಮ್ಮ ಇನ್ನೂ ಮಾತು ಕಡಿಮೆ ಮಾಡಿದಳು. ಎರಡು ಸಲ ಲಾಡ್ಜಿಗೆ ತಾನೇ ನಡೆದು ಹೋಗಿ ಬಂದಳು. ಯಾಕೆ ಅಂತ ಅಪ್ಪ ಕೇಳಿದ್ದಕ್ಕೆ, “ಗಂಟು ತರೋಕೆ,” ಅಂದಳು. ಬರುವಾಗ ಗಂಟು ಸಣ್ಣದಿತ್ತು.

ಬೇಸಿಗೆ ಏರಿತು. ಬೀದಿಯಲ್ಲಿ ಮೂರು ಮನೆಗೆ ಬಿಲ್ಲೆ ಬಿತ್ತು. ಒಂದು ಚೊಂಬು ಹೆಚ್ಚು ಬಳಸಿದ ಅಂತ ಅಪ್ಪ ಮಗನನ್ನು ಬಾಗಿಲ ಹೊರಗೆ ನಿಲ್ಲಿಸಿದ. ಇಪ್ಪತ್ತು ದಾಟಿದ ಗಂಡು ಬೀದಿಯವರ ಮುಂದೆ ತಲೆಗೆ ಸೋಪು ಹಚ್ಚಿಕೊಂಡು ನಿಂತಿದ್ದ. ಮಗಳು ಯಜಮಾನರಿಗೆ ಇನ್ನೂ ಇಲ್ಲ ಅಂದಿರಲಿಲ್ಲ. ಎಣಿಕೆ ಮುಗಿದ ಮೇಲೆ ತಾನಾಗಿಯೇ ತಿಳಿಯುತ್ತದೆ ಅಂತ ಸುಮ್ಮನಿದ್ದಳು.

ಒಂದು ಭಾನುವಾರ ಬೆಳಿಗ್ಗೆ ಸ್ಕೂಟರಿನ ಸದ್ದಾಯಿತು.

“ಬಂದ್ಲಪ್ಪಾ,” ಅಂದಳು ಅಜ್ಜಿ. “ಊರಿಗೆ ಬಂದೋಳು ನೀರಿಗೆ ಬರದೇ ಇರ್ತಾಳಾ?”

ಬಿಲ್ಲೆ ಮೇಡಂ ಒದ್ದೆ ಬಟ್ಟೆಗಳ ಕೆಳಗೆ ಬಗ್ಗಿ ಒಳಗೆ ಬಂದಳು. ಅವಳ ಕೂದಲೂ ಎಣ್ಣೆಗಟ್ಟಿತ್ತು, ಕಣ್ಣಲ್ಲಿ ನಿದ್ದೆಯಿರಲಿಲ್ಲ. ಕೈಯಲ್ಲಿದ್ದ ಫೋನಿನಲ್ಲಿ ಮನೆಯ ವಿವರ ತೆಗೆದಳು.

“ಎಲ್ಲರೂ ಎದುರಿಗೆ ಬನ್ನಿ. ಎಷ್ಟು ಜನ ನೀವು?”

“ಐದು,” ಅಂದ ಅಪ್ಪ, ಐವರನ್ನೂ ಶಾಲೆಯ ಮಕ್ಕಳ ಹಾಗೆ ಸಾಲಾಗಿ ನಿಲ್ಲಿಸುತ್ತ.

“ನಾಲ್ಕು,” ಅಂದಳು ಅಮ್ಮ.

ಅಪ್ಪ ನಕ್ಕ. “ಬಿಸಿಲು ನೆತ್ತಿಗೇರಿದೆ ಇವಳಿಗೆ. ಐದು ಮೇಡಂ, ಕಣ್ಣೆದುರಿಗೇ ಇದ್ದೀವಲ್ಲ.”

“ನಾಲ್ಕು ಜನ. ಇವಳು ಈ ಮನೇಲಿರಲ್ಲ. ಊರಿನ ಆ ಕಡೆ ಹೊಸ ಕನ್ನಡಕದ ಅಂಗಡಿ ಮೇಲೆ ಇವಳಿಗೆ ಬೇರೆ ರೂಮಿದೆ. ಇವತ್ತು ಭಾನುವಾರ ಅಂತ ನಮ್ಮನ್ನ ನೋಡೋಕೆ ಬಂದಿದ್ದಾಳೆ.”

“ಅಮ್ಮಾ! ನಾನು ಹೋಗಲ್ಲ ಅಂದೆನಲ್ಲ!”

“ನೀನು ಬಾಯಿ ಮುಚ್ಚು.”

“ಏನೇ ಹೇಳ್ತಿದ್ದೀಯ ನೀನು?” ಅಪ್ಪನ ದನಿ ಒಡೆಯಿತು. “ಬಟ್ಟೆ ಯಾವುದ್ರಲ್ಲಿ ಒಗೀತೀಯ? ನಿನ್ನ ಕಣ್ಣೀರಲ್ಲಾ?”

“ಅರ್ಧ ಬಟ್ಟೆ ಬೇರೆಯವರಿಗೆ ಕೊಡಿ ಅಂತ ಲಾಡ್ಜಿಗೆ ಹೇಳಿ ಆಯ್ತು. ಇನ್ನರ್ಧಕ್ಕೆ ಆಗುವಷ್ಟು ಇದೆ. ಒಗೆಯೋಳು ನಾನು. ಸಾಕೋ ಬೇಡ್ವೋ ನಾನು ಹೇಳ್ಬೇಕು, ಸ್ಟೂಲ್ ಮೇಲೆ ಕೂತೋರಲ್ಲ.”

ಮದುವೆಯಾಗಿ ಇಷ್ಟು ವರ್ಷಕ್ಕೆ ಅವಳು ಅಪ್ಪನಿಗೆ ಹಾಗೆ ಅಂದಿದ್ದು ಅದೇ ಮೊದಲು. ಅಜ್ಜಿ ಕೂಡ ಬಾಯಿಗೆ ಬಂದ ಗಾದೆಯನ್ನು ನುಂಗಿಕೊಂಡಳು.

ಬಿಲ್ಲೆ ಮೇಡಂ ಮಗಳ ಕಡೆ ನೋಡಿದಳು. “ನೀವೇ ಹೇಳಿ. ಅಲ್ಲಿ ರೂಮಿರೋದು ನಿಜಾನಾ?”

“ರೂಮಿದೆ. ಆದ್ರೆ…”

“ಇದೆ ತಾನೇ? ಮನೆಯವರೇ ಇಲ್ಲಿಲ್ಲ ಅಂದಮೇಲೆ ನಾನು ಇಲ್ಲಿ ಸೇರಿಸೋಕಾಗಲ್ಲ. ಅಲ್ಲಿಗೇ ಹಾಕ್ತೀನಿ.” ಬೆರಳಿಂದ ಫೋನನ್ನು ಒತ್ತಿದಳು. “ಮಳೆ ಬರೋವರೆಗೂ ಬದಲಾಯಿಸೋಕಾಗಲ್ಲ.”

ಸ್ಕೂಟರ್ ಮುಂದಿನ ಮನೆಗೆ ಹೋಯಿತು. ಅಪ್ಪ ಡ್ರಮ್ಮಿಗೆ ಒರಗಿ ಕುಸಿದು ಕೂತ. ಮಗ ಅವನಿಗೆ ಕುಡಿಯಲು ನೀರು ಕೊಡಲು ಹೋಗಿ, ಬೀಗ ನೋಡಿ ನಿಂತ.

ಅಮ್ಮ ಆಗಲೇ ಮಗಳ ಬಟ್ಟೆಗಳನ್ನು ಮಡಿಸಿ ಚೀಲಕ್ಕೆ ತುಂಬುತ್ತಿದ್ದಳು. ಮಗಳು ಅವಳ ಕೈ ಹಿಡಿದುಕೊಂಡಳು. ಪೈಪಿನ ವಿಷಯ ಗಂಟಲವರೆಗೆ ಬಂದಿತ್ತು. ಆದರೆ ಅಮ್ಮ ತಲೆಯೆತ್ತಿ ನೋಡಿದಾಗ ಅವಳ ಮುಖದಲ್ಲಿ ನಗುವಿತ್ತು. ಈ ಬೇಸಿಗೆಯಲ್ಲಿ ಆ ಮುಖದಲ್ಲಿ ನಗು ಕಂಡಿದ್ದು ಇವತ್ತೇ. ಏನೋ ದೊಡ್ಡದನ್ನು ಗೆದ್ದವಳ ಹಾಗೆ ಕಣ್ಣು ಹೊಳೆಯುತ್ತಿದ್ದವು.

“ನಿಮ್ಮಪ್ಪ ನಾಲ್ಕು ದಿನ ಕೂಗಾಡ್ತಾರೆ, ಆಮೇಲೆ ಸರಿ ಹೋಗ್ತಾರೆ. ನೀನು ಹಿಂದೆ ತಿರುಗಿ ನೋಡ್ಬೇಡ. ಇಲ್ಲಿ ನಿನ್ನ ಪಾಲನ್ನ ನಾವೆಲ್ಲ ಸೇರಿ ತಿಂದ್ವಿ ಕಣೇ. ನಾನೇ ಜಾಸ್ತಿ ತಿಂದೆ.” ಅಮ್ಮ ಚೀಲದ ಬಾಯಿ ಕಟ್ಟಿ ಅವಳ ಹೆಗಲಿಗೆ ಹಾಕಿದಳು. “ಅಲ್ಲಿ ಮೂರು ಬಕೆಟ್ಟೂ ನೀನೇ ಸುರ್ಕೋ. ಯಾರಿಗೂ ಒಂದು ಚೊಂಬು ಕೊಡಬಾರ್ದು. ತಿಳೀತಾ?”

“ಹೂಂ ಅಮ್ಮ,” ಅಂದಳು ಮಗಳು. “ಕೊಡಲ್ಲ.”